ಬೆನ್ನಿಗೆ ತೋಪು ಕಟ್ಟಿಕೊಂಡ ಹಡಗು: ‘ಒಂಡಿನಾ’ದ ಯುದ್ಧಕಾಲ

ರಾಯಚೂರಿನ ಉತ್ತರಕ್ಕೆ ಭೀಮೆಯನ್ನು ಕೂಡಿಕೊಂಡು, ಮಕ್ತಲ್ ಮತ್ತು ಗದ್ವಾಲ ಸೀಮೆಗಳನ್ನು ಹಾದು ಪೂರ್ವಕ್ಕೆ ಹರಿಯುವ ಕೃಷ್ಣೆ ಕಡಲನ್ನು ಮುಟ್ಟುವುದು ಮಚಲೀಪಟ್ಟಣದ ಆಸುಪಾಸಿನಲ್ಲಿ. ನದಿಯ ಈ ಮೇಲುಭಾಗದವರಿಗೆ ನೀರಿನ ವಾಹನವೆಂದರೆ ಹರಿಗೋಲು, ಹಡಗಲ್ಲ. ಆದರೆ ಇದೇ ನದಿಯ ಮುಖದಲ್ಲಿ, ಗೋಲ್ಕೊಂಡೆಯ ಸುಲ್ತಾನನ ಅನುಮತಿ ಪಡೆದು, 1606ರ ಹೊತ್ತಿಗೆ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಠಿಯನ್ನು ತೆರೆದಿತ್ತು. ಬಟ್ಟೆ ಕೊಳ್ಳಲು ಬಂದ ಆ ಹಡಗುಗಳ ಪಕ್ಕೆಗಳಲ್ಲಿ ಸಾಲುಸಾಲು ತೋಪುಗಳಿದ್ದವು. ಹದಿನೇಳನೆಯ ಶತಮಾನದ ಡಚ್ ವರ್ತಕನಿಗೆ ತಕ್ಕಡಿಯೂ ತೋಪೂ ಒಂದೇ ಅಂಗಡಿಯ ಸಾಮಾನು. ಆ ಹಡಗನ್ನು ವ್ಯಾಪಾರದ್ದೆನ್ನಬೇಕೋ ಯುದ್ಧದ್ದೆನ್ನಬೇಕೋ ಎಂಬ ಪ್ರಶ್ನೆ ಆ ಕಾಲದಲ್ಲಿ ಯಾರನ್ನೂ ಅಷ್ಟಾಗಿ ಕಾಡಿದಂತೆ ಕಾಣುವುದಿಲ್ಲ.

ಕಾಡತೊಡಗಿದ್ದು ಬಹಳ ತಡವಾಗಿ. 1856ರ ಪ್ಯಾರಿಸ್ ಘೋಷಣೆ ಖಾಸಗಿ ಹಡಗುಗಳಿಗೆ ಸರಕಾರಗಳು ಪರವಾನಗಿ ಕೊಟ್ಟು ಶತ್ರುವಿನ ಹಡಗು ಹಿಡಿಸುವ ಪದ್ಧತಿಯನ್ನು ರದ್ದುಮಾಡಿತು. 1907ರ ಹೇಗ್ ಸಮ್ಮೇಳನದ ಒಪ್ಪಂದಗಳಲ್ಲೊಂದು, ವ್ಯಾಪಾರಿ ಹಡಗನ್ನು ಯುದ್ಧನೌಕೆಯಾಗಿ ಪರಿವರ್ತಿಸಬೇಕಾದರೆ ಅದು ಸರಕಾರದ ನೇರ ಅಧೀನದಲ್ಲಿರಬೇಕು, ಯುದ್ಧನೌಕೆಯ ಹೊರಗುರುತುಗಳನ್ನು ಹೊಂದಿರಬೇಕು, ಅದರ ಸಿಬ್ಬಂದಿ ಸೈನಿಕ ಶಿಸ್ತಿಗೆ ಒಳಪಟ್ಟಿರಬೇಕು ಎಂದು ವಿಧಿಸಿತು. ಹೀಗೆ ಎರಡು ಜಾತಿಯ ಹಡಗುಗಳ ನಡುವೆ ಕಾನೂನು ಒಂದು ಗೆರೆ ಎಳೆಯಿತು. ಗೆರೆಯನ್ನು ಎಳೆದ ಏಳೆಂಟು ವರ್ಷಗಳಲ್ಲೇ ಮೊದಲನೆಯ ಮಹಾಯುದ್ಧದ ಜಲಾಂತರ್ಗಾಮಿಗಳು ಅದನ್ನು ಅಳಿಸತೊಡಗಿದವು. ಬ್ರಿಟನ್ ತನ್ನ ಸರಕು ಹಡಗುಗಳ ಮೇಲೆ ತೋಪುಗಳನ್ನು ಕೂರಿಸಿತು. ಕೂರಿಸುವಾಗ ಒಂದು ಗುಣವಾಚಕವನ್ನೂ ಜೊತೆಗೆ ಜೋಡಿಸಿತು: ‘ರಕ್ಷಣಾತ್ಮಕ’. ತೋಪು ಹಡಗಿನ ಹಿಂಭಾಗದಲ್ಲಿದ್ದರೆ ಅದು ಓಡಿಹೋಗುವವನ ಆಯುಧ, ಮುಂಭಾಗದಲ್ಲಿದ್ದರೆ ಅಟ್ಟಿಸಿಕೊಂಡು ಬರುವವನ ಆಯುಧ ಎಂಬುದು ಈ ವಾದದ ತಿರುಳು. ಹಡಗಿನ ಸ್ವಭಾವವನ್ನು ತೋಪಿನ ಇರುವಿಕೆಯಿಂದಲ್ಲ, ಅದಿರುವ ಜಾಗದಿಂದ ನಿರ್ಧರಿಸಬೇಕು ಎನ್ನುವ ಈ ತರ್ಕ ಕಾನೂನಿನ ಪುಸ್ತಕಕ್ಕಿಂತ ಅಲಂಕಾರಶಾಸ್ತ್ರಕ್ಕೆ ಹೆಚ್ಚು ಹತ್ತಿರ.

ಈ ತರ್ಕವನ್ನು ಒಪ್ಪದೆ ಹಟ ಹಿಡಿದ ದೇಶ ನೆದರ್ಲೆಂಡ್ಸ್ ಎಂಬುದು ಗಮನಾರ್ಹ. ಆ ಯುದ್ಧದಲ್ಲಿ ತಟಸ್ಥವಾಗಿದ್ದ ಡಚ್ ಸರಕಾರ, ತೋಪು ಹೊತ್ತ ವ್ಯಾಪಾರಿ ಹಡಗು ಯುದ್ಧನೌಕೆಗೆ ಸಮಾನವೆಂದು ಪರಿಗಣಿಸಿ, ಯುದ್ಧನಿರತ ದೇಶಗಳ ಅಂಥ ಹಡಗುಗಳಿಗೆ ತನ್ನ ಬಂದರುಗಳನ್ನು ಮುಚ್ಚಿತು. ಬ್ರಿಟನ್ ಪ್ರತಿಭಟಿಸಿದರೂ ನಿಲುವು ಸಡಿಲಲಿಲ್ಲ. ಇದೇ ಕಾಲದಲ್ಲಿ ಹಾಲೆಂಡಿನ ಹೂಕ್ ಬಂದರಿಗೂ ಇಂಗ್ಲೆಂಡಿನ ಹಾರಿಚ್‌ಗೂ ನಡುವೆ ಓಡಾಡುತ್ತಿದ್ದ ‘ಬ್ರಸೆಲ್ಸ್’ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಫ್ರಯಟ್‌ನನ್ನು ಜರ್ಮನರು ಸೆರೆಹಿಡಿದು, ಜಲಾಂತರ್ಗಾಮಿಯೊಂದಕ್ಕೆ ಹಡಗನ್ನು ಡಿಕ್ಕಿ ಹೊಡೆಸಲು ಯತ್ನಿಸಿದನೆಂಬ ಆರೋಪದ ಮೇಲೆ 1916ರ ಜುಲೈ 27ರಂದು ಗುಂಡಿಟ್ಟು ಕೊಂದರು. ಸಮವಸ್ತ್ರವಿಲ್ಲದವನು ಎದುರಿಸಿ ನಿಂತರೆ ಯುದ್ಧಕೈದಿಯ ಹಕ್ಕೂ ಅವನಿಗಿಲ್ಲ ಎಂಬುದು ಅವರ ನಿಲುವಾಗಿತ್ತು. ಹಿಂಭಾಗದ ತೋಪು, ಮುಂಭಾಗದ ತೋಪು ಎಂಬ ಚರ್ಚೆ ಹೊರನೋಟಕ್ಕೆ ಎಷ್ಟೇ ಒಣಪಂಡಿತರದ್ದೆನಿಸಿದರೂ, ಹಡಗಿನ ಮೇಲಿದ್ದವನ ಕುತ್ತಿಗೆ ಅದರ ಮೇಲೆ ನಿಂತಿತ್ತು.

1940ರ ಮೇ 10ರಂದು ಜರ್ಮನ್ ಸೇನೆ ನೆದರ್ಲೆಂಡ್ಸನ್ನು ಹೊಕ್ಕಿತು. ಕೆಲವೇ ದಿನಗಳಲ್ಲಿ ನೆಲವೆಲ್ಲ ಕೈತಪ್ಪಿತು. ರಾಣಿ ವಿಲ್ಹೆಲ್ಮಿನಾ ಮತ್ತು ಸಚಿವ ಸಂಪುಟ ಲಂಡನ್ ಸೇರಿದರು. ನೆಲವಿಲ್ಲದ ಆ ಸರಕಾರಕ್ಕೆ ಯೂರೋಪಿನಲ್ಲಿ ಉಳಿದಿದ್ದ ದೊಡ್ಡ ಆಸ್ತಿ ಎಂದರೆ ಆ ಹೊತ್ತಿಗೆ ಕಡಲುಗಳ ಮೇಲಿದ್ದ ವ್ಯಾಪಾರಿ ನೌಕಾಬಲ. ಅದನ್ನು ಸರಕಾರ ವಶಕ್ಕೆ ತೆಗೆದುಕೊಂಡು ಲಂಡನ್ನಿನಲ್ಲಿ ಸ್ಥಾಪಿಸಿದ ನೌಕಾಯಾನ ಮತ್ತು ವ್ಯಾಪಾರ ಸಮಿತಿಯೊಂದರ ಕೈಗೆ ಒಪ್ಪಿಸಿತು. ಜೂನ್ ತಿಂಗಳಲ್ಲಿ ಡಚ್ ನಾವಿಕರ ಮೇಲೆ ಕಡ್ಡಾಯ ಸೇವೆಯ ಆಜ್ಞೆ ಬಿದ್ದಿತು. ಯುದ್ಧ ಮುಗಿಯುವ ತನಕ ಹಡಗು ಬಿಟ್ಟಿಳಿಯುವಂತಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ತೋಪು ಹೊತ್ತ ಪರದೇಶದ ಹಡಗುಗಳನ್ನು ಬಾಗಿಲಲ್ಲೇ ತಡೆದಿದ್ದ ದೇಶ ಈಗ ಬ್ರಿಟಿಷ್ ವ್ಯವಸ್ಥೆಯೊಳಕ್ಕೆ ಸೇರಿ, ತನ್ನ ಹಡಗುಗಳನ್ನೇ ‘ರಕ್ಷಣಾತ್ಮಕವಾಗಿ ಸಜ್ಜುಗೊಂಡ’ ವರ್ಗಕ್ಕೆ ಸೇರಿಸಿತು. ಸಾಮಾನ್ಯವಾಗಿ ಹಿಂದಿನ ಯುದ್ಧದಿಂದ ಉಳಿದ ಹಳೆಯ ತೋಪೊಂದು, ವಿಮಾನಗಳಿಗೆಂದು ಕೆಲವು ಮೆಷಿನ್‌ಗನ್‌ಗಳು, ಅವುಗಳಿಗೆ ನೌಕಾಪಡೆಯಿಂದಲೋ ಭೂಸೇನೆಯಿಂದಲೋ ಎರವಲು ಬಂದ ಕೆಲವೇ ಮಂದಿ ತೋಪುಗಾರರು, ಗುಂಡು ಎತ್ತಿಕೊಡಲು ಹಡಗಿನದೇ ಆಳುಗಳು: ಸಾವಿರಾರು ಹಡಗುಗಳ ಸಜ್ಜು ಇಷ್ಟೇ ಆಗಿತ್ತು.

‘ಒಂಡಿನಾ’ ಅಂಥದೊಂದು ಹಡಗು. 1939ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಟ್ಟಲಾದ ಈ ಮೋಟಾರು ತೈಲವಾಹಕದ ಗಾತ್ರ 6,000 ಟನ್ನಿಗೆ ಮೇಲ್ಪಟ್ಟು. ವೇಗ ಸುಮಾರು 12 ನಾಟ್. ಮಾಲೀಕತ್ವ ಷೆಲ್ ಸಮೂಹಕ್ಕೆ ಸೇರಿದ ‘ಲಾ ಕೊರೊನಾ’ ಕಂಪನಿಯದು. ಷೆಲ್ ತನ್ನ ಹೆಸರಿಗೆ ತಕ್ಕಂತೆ ಹಡಗುಗಳಿಗೆಲ್ಲ ಕಡಲಿನ ಚಿಪ್ಪು ಮತ್ತು ಶಂಖುಗಳ ಹೆಸರಿಡುತ್ತಿತ್ತು. ಒಂಡಿನಾ ಒಂದು ಪುಟ್ಟ ಕಡಲ ಬಸವನಹುಳುವಿನ ಕುಲನಾಮ. ಜಪಾನ್ ಡಚ್ ಈಸ್ಟ್ ಇಂಡೀಸನ್ನು ನುಂಗಿದ ಮೇಲೆ ಆಸ್ಟ್ರೇಲಿಯವನ್ನು ಆಸರೆಯಾಗಿಸಿಕೊಂಡ ಈ ಹಡಗಿನ ಹಿಂಭಾಗಕ್ಕೆ 4 ಇಂಚಿನ ತೋಪೊಂದನ್ನು ಕೂರಿಸಲಾಯಿತು. ಅದಕ್ಕೆ ಕೊಟ್ಟ ಗುಂಡುಗಳು 32. ತೋಪುಗಾರರು ಬ್ರಿಟಿಷರು ಮತ್ತು ಆಸ್ಟ್ರೇಲಿಯನ್ನರು, ಅಧಿಕಾರಿಗಳು ಡಚ್ಚರು, ಡೆಕ್ಕಿನ ಮತ್ತು ಎಂಜಿನ್ ಕೋಣೆಯ ಆಳುಗಳು ಬಹುಮಟ್ಟಿಗೆ ಚೀನೀಯರು. ಕ್ಯಾಪ್ಟನ್ ವಿಲ್ಲೆಮ್ ಹೋರ್ಸ್‌ಮನ್.

1942ರಲ್ಲಿ ಹಿಂದೂ ಮಹಾಸಾಗರ ಬ್ರಿಟಿಷರ ಕೆರೆಯಾಗಿ ಉಳಿದಿರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಜಪಾನೀ ನೌಕಾಪಡೆ ಬಂಗಾಳ ಕೊಲ್ಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು; ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಕೃಷ್ಣೆಯ ಮುಖದಿಂದ ಕಾಕಿನಾಡ ದೂರದ ಊರಲ್ಲ. ಕಡಲಿಲ್ಲದ ಹೈದರಾಬಾದ್ ಸಂಸ್ಥಾನವೂ ಆ ಹೊತ್ತಿಗೆ ಕಡಲ ಯುದ್ಧದಲ್ಲಿ ಪಾಲುದಾರನಾಗಿತ್ತು: ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟ ಹಣದ ಗುರುತಿಗಾಗಿ ಕ್ಲೈಡ್ ನದಿದಂಡೆಯಲ್ಲಿ ಕಟ್ಟಿದ ವಿನಾಶಕ ನೌಕೆಯೊಂದಕ್ಕೆ ‘ನಿಜಾಮ್’ ಎಂದು ಹೆಸರಿಟ್ಟು ಆಸ್ಟ್ರೇಲಿಯದ ನಾವಿಕರ ಕೈಗೆ ಕೊಡಲಾಗಿತ್ತು. ಅದೇ ಮಾದರಿಯ ಇನ್ನೆರಡು ನೌಕೆಗಳು 1942ರಲ್ಲಿ ಡಚ್ ನೌಕಾಪಡೆಗೆ ಹೋಗಿ ‘ವಾನ್ ಗಾಲೆನ್’, ‘ಚೆರ್ಕ್ ಹಿಡ್ಡೆಸ್’ ಎಂಬ ಹೆಸರು ತಳೆದವು. ಮಕ್ತಲಿನ ಅಥವಾ ಗದ್ವಾಲದ ರೈತ ಕಟ್ಟಿದ ಕಂದಾಯ ಕೊನೆಗೆ ಯಾವ ನೀರನ್ನು ಸೇರಿತೆಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಆದರೆ ಸೇರಿದ್ದು ಒಂಡಿನಾ ಸಂಚರಿಸುತ್ತಿದ್ದ ನೀರನ್ನೇ.

ಆ ನೀರಿನಲ್ಲಿ ಬೇಟೆಗೆ ಇಳಿದಿದ್ದ ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’ ಹಡಗುಗಳೂ ಹುಟ್ಟಿನಿಂದ ವ್ಯಾಪಾರಿಗಳೇ. ಒಸಾಕಾದ ನೌಕಾಕಂಪನಿಯೊಂದಕ್ಕಾಗಿ ಕಟ್ಟಿದ, 10,000 ಟನ್ನಿಗೂ ಮೀರಿದ, 20 ನಾಟ್‌ಗೂ ಹೆಚ್ಚು ವೇಗದ ಪ್ರಯಾಣಿಕ-ಸರಕು ಹಡಗುಗಳಿವು. ಇವನ್ನು ಸಜ್ಜುಗೊಳಿಸಿದ ಬಗೆಯೇ ಬೇರೆ: ಒಂದೊಂದರ ಮೇಲೂ 140 ಮಿಲಿಮೀಟರಿನ ತೋಪುಗಳ ಸಾಲು, ಟಾರ್ಪೆಡೊ ಕೊಳವೆಗಳು, ನೀರಮೇಲಿಳಿಯುವ ವಿಮಾನಗಳು, ನೌಕಾಪಡೆಯ ಸಿಬ್ಬಂದಿ. ಒಂದರ ಹೆಸರಿನ ಅರ್ಥ ದೇಶದ ಋಣ ತೀರಿಸುವುದು, ಮತ್ತೊಂದರದು ದೇಶಪ್ರೇಮ. ಒಂದೆಡೆ ಚಿಪ್ಪಿನ ಹೆಸರು, ಇನ್ನೊಂದೆಡೆ ಘೋಷಣೆಯ ಹೆಸರು: ಯಾವ ದೇಶ ತನ್ನ ವ್ಯಾಪಾರಿ ಹಡಗನ್ನು ಕಟ್ಟುವಾಗಲೇ ಏನನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಎಂಬುದಕ್ಕೆ ಹೆಸರುಗಳೇ ಸಾಕ್ಷಿ ನುಡಿಯುತ್ತವೆ. 1942ರ ಮೇ 9ರಂದು ಈ ಜೋಡಿ ಒಂಡಿನಾದ ಕಂಪನಿಯದೇ ಆದ ‘ಗೆನೊಟಾ’ ಎಂಬ ತೈಲವಾಹಕವನ್ನು ಸೆರೆಹಿಡಿದಿತ್ತು. ಗೆನೊಟಾ ‘ಓಸೆ’ ಎಂದು ಮರುನಾಮಕರಣಗೊಂಡು ಜಪಾನೀ ನೌಕಾಪಡೆಗೆ ಎಣ್ಣೆ ಹೊರತೊಡಗಿತು. ಹೋರ್ಸ್‌ಮನ್‌ನ ಮುಂದೆ ಶರಣಾಗತಿ ಎಂಬ ದಾರಿ ಇತ್ತಾದರೂ, ಅದರ ಕೊನೆಯಲ್ಲಿ ಏನಿದೆಯೆಂಬುದಕ್ಕೆ ಆರು ತಿಂಗಳ ಹಿಂದಿನ ಈ ನಿದರ್ಶನವೂ ಇತ್ತು.

ನವೆಂಬರ್ 5ರಂದು ಒಂಡಿನಾ ಫ್ರೀಮ್ಯಾಂಟಲ್ ಬಂದರನ್ನು ಬಿಟ್ಟಿತು. ಡಿಯೆಗೊ ಗಾರ್ಸಿಯಾ ಮಾರ್ಗವಾಗಿ ಪರ್ಷಿಯಾದ ಅಬಾದಾನಿಗೆ ಹೋಗಿ ಎಣ್ಣೆ ತುಂಬಿಕೊಳ್ಳಬೇಕಿದ್ದುದರಿಂದ ತೊಟ್ಟಿಗಳು ಖಾಲಿ. ಬೆಂಗಾವಲಿಗೆ ರಾಯಲ್ ಇಂಡಿಯನ್ ನೇವಿಯ ‘ಬೆಂಗಾಲ್’. ಆಸ್ಟ್ರೇಲಿಯದಲ್ಲಿ ಭಾರತಕ್ಕಾಗಿ ಕಟ್ಟಲಾದ ನಾಲ್ಕು ಪುಟ್ಟ ನೌಕೆಗಳಲ್ಲಿ ಇದೊಂದು. ಸುಮಾರು 650 ಟನ್. ಸಿಡ್ನಿಯಲ್ಲಿ ಸೇವೆಗೆ ಸೇರಿ ಮೂರು ತಿಂಗಳಷ್ಟೇ ಆಗಿತ್ತು. 4 ಇಂಚಿನ ತೋಪು ಇರಬೇಕಾದ ಸ್ಥಾನದಲ್ಲಿ ಅದಕ್ಕೆ ಸಿಕ್ಕಿದ್ದು ಅದಕ್ಕಿಂತ ಚಿಕ್ಕದಾದ 12 ಪೌಂಡಿನ ತೋಪು. ಕಾಯಬೇಕಾದ ಯುದ್ಧನೌಕೆಗಿಂತ ಕಾಯಿಸಿಕೊಳ್ಳಬೇಕಾದ ವ್ಯಾಪಾರಿ ಹಡಗಿನ ತೋಪೇ ದೊಡ್ಡದು ಎಂಬ ವಿಚಿತ್ರ ಸನ್ನಿವೇಶ ಹೀಗೆ ಒದಗಿತು. ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಬ್ರಿಟಿಷ್, ನಾವಿಕರು ಭಾರತೀಯರು.

ನವೆಂಬರ್ 11ರಂದು, ಕೋಕೋಸ್ ದ್ವೀಪಗಳ ನೈರುತ್ಯಕ್ಕೆ ಬಹುದೂರದ ಬಯಲುಗಡಲಿನಲ್ಲಿ, ನಡುಹಗಲಿಗೆ ಸ್ವಲ್ಪ ಮುಂಚೆ ಎರಡು ದೊಡ್ಡ ಹಡಗುಗಳು ಕಾಣಿಸಿಕೊಂಡವು. ಹಿಂದಿನ ಯುದ್ಧ ಮುಗಿದ ದಿನವೆಂದು ಬ್ರಿಟಿಷರು ಪ್ರತಿವರ್ಷ ನೆನೆಯುವ ದಿನ ಅದು. ವಿಲ್ಸನ್ ಒಂಡಿನಾಗೆ ದೂರ ಸರಿಯಲು ಸೂಚನೆ ಕೊಟ್ಟು ತಾನು ಶತ್ರುವಿನತ್ತ ಮೂತಿ ತಿರುಗಿಸಿದ. ಹೋರ್ಸ್‌ಮನ್ ಲೆಕ್ಕ ಹಾಕಿದ: 12 ನಾಟ್‌ನ ಹಡಗು 20 ನಾಟ್‌ನ ಹಡಗಿನಿಂದ ತಪ್ಪಿಸಿಕೊಳ್ಳಲಾರದು, ಎರಡು ತೋಪುಗಳು ಒಟ್ಟಿಗಿದ್ದರಷ್ಟೇ ಏನಾದರೂ ಆಸೆ. ಸೂಚನೆಯನ್ನು ಅಕ್ಷರಶಃ ಪಾಲಿಸದೆ ಅವನು ತನ್ನ ಹಿಂಭಾಗದ ತೋಪನ್ನು ಹಾರಿಸಲು ಆಜ್ಞಾಪಿಸಿದ. ಓಡುವವನ ಆಯುಧವೆಂದು ಕಾನೂನು ಹೆಸರಿಸಿದ್ದ ತೋಪು ಆ ಗಳಿಗೆಯಲ್ಲಿ ನಿಂತು ಕಾದುವವನ ಆಯುಧವಾಯಿತು. ಮೊದಲ ಕೆಲವು ಗುಂಡುಗಳು ಗುರಿ ಹುಡುಕುವುದರಲ್ಲಿ ಕಳೆದವು. ಬಳಿಕ ಹೊಕೊಕು ಮಾರುವಿನ ಟಾರ್ಪೆಡೊ ಕೊಳವೆಗಳಿದ್ದ ಕಡೆ ಗುಂಡೊಂದು ತಗಲಿ, ಬೆಂಕಿ ಹತ್ತಿ, ಸ್ಫೋಟದ ಮೇಲೆ ಸ್ಫೋಟವಾಯಿತು. ಆ ಭಾರಿ ಹಡಗು ಕಡಲಿಗಿಳಿಯಿತು. ಅದರ 76 ಮಂದಿ ಸತ್ತರು. ಕ್ಯಾಪ್ಟನ್ ಇಮಾಝಾತೊ ಅವರಲ್ಲೊಬ್ಬ.

ಉಳಿದ ಐಕೊಕು ಮಾರು ಈ ಇಬ್ಬರನ್ನೂ ಮುಗಿಸುವಷ್ಟು ಶಕ್ತವಾಗಿಯೇ ಇತ್ತು. ಮದ್ದು ತೀರುತ್ತ ಬಂದ ಬೆಂಗಾಲ್ ಹೊಗೆಪರದೆಯ ಮರೆಯಲ್ಲಿ ಹಿಂದೆ ಸರಿಯಿತು. ಒಂಡಿನಾದ ಗುಂಡುಗಳೂ ಬರಿದಾದವು. ಹಡಗಿಗೆ ಹಲವು ಏಟು ಬಿದ್ದಿತ್ತು. ಹೋರ್ಸ್‌ಮನ್ ಎಂಜಿನ್ ನಿಲ್ಲಿಸಿ, ಜೀವರಕ್ಷಕ ದೋಣಿಗಳನ್ನಿಳಿಸಲು ಹೇಳಿದ. ಅಷ್ಟರಲ್ಲೇ ಗುಂಡಿನ ಚೂರು ತಗಲಿ ಸತ್ತ. ಐಕೊಕು ಮಾರು ಹತ್ತಿರ ಬಂದು ಎರಡು ಟಾರ್ಪೆಡೊಗಳನ್ನು ಹೊಡೆಯಿತು. ಅನಂತರ ದೋಣಿಗಳ ಮೇಲೆ ಮೆಷಿನ್‌ಗನ್ ಹಾರಿಸಿತು. ಮುಖ್ಯ ಇಂಜಿನಿಯರೂ ಇನ್ನು ಕೆಲವರೂ ಸತ್ತದ್ದು ಹಡಗಿನ ಮೇಲಲ್ಲ, ದೋಣಿಗಳಲ್ಲಿ. ಹೋರಾಡಿದ ನಾಗರಿಕನಿಗೆ ಯಾವ ರಕ್ಷಣೆ ಎಂಬ ಫ್ರಯಟ್‌ನ ಕಾಲದ ಪ್ರಶ್ನೆಗೆ ಈ ಬಾರಿ ನ್ಯಾಯಾಲಯದ ನೆಪವೂ ಇಲ್ಲದೆ ಉತ್ತರ ಸಿಕ್ಕಿತು. ತನ್ನ ಜೊತೆಗಾರ ಹಡಗಿನ ಬದುಕುಳಿದವರನ್ನು ಎತ್ತಿಕೊಂಡು ಜಪಾನೀಯರು ಕೊನೆಯದೊಂದು ಟಾರ್ಪೆಡೊ ಬಿಟ್ಟು ಹೊರಟುಹೋದರು. ಅದು ಗುರಿ ತಪ್ಪಿತು.

ಒಂಡಿನಾ ಮುಳುಗಲಿಲ್ಲ. ಟಾರ್ಪೆಡೊಗಳು ಒಡೆದದ್ದು ಖಾಲಿ ತೊಟ್ಟಿಗಳನ್ನು. ಎಣ್ಣೆ ತುಂಬಿದ್ದರೆ ಕಥೆ ಬೇರೆಯಾಗುತ್ತಿತ್ತು. ಮೊದಲ ಅಧಿಕಾರಿ ರೆಹ್‌ವಿಂಕೆಲ್ ಕೆಲವರನ್ನು ಕರೆದುಕೊಂಡು ಮತ್ತೆ ಹಡಗು ಹತ್ತಿ, ಬೆಂಕಿಯಾರಿಸಿ, ಓರೆಯಾಗಿದ್ದ ಒಡಲನ್ನು ನೇರಮಾಡಿ, ಎಂಜಿನ್ ನಡೆಸಿದ. ನವೆಂಬರ್ 18ರಂದು ಹಡಗು ಫ್ರೀಮ್ಯಾಂಟಲ್ ತಲುಪಿತು. ಅದಕ್ಕೆ ಒಂದು ದಿನ ಮುಂಚೆ ಡಿಯೆಗೊ ಗಾರ್ಸಿಯಾ ಸೇರಿದ್ದ ಬೆಂಗಾಲ್, ಒಂಡಿನಾ ಮುಳುಗಿತೆಂದೇ ವರದಿ ಕೊಟ್ಟಿತ್ತು.

ಈ ಒಂದು ದಿನದ ಅಂತರದಲ್ಲಿ ಎರಡು ಚರಿತ್ರೆಗಳು ಹುಟ್ಟಿಕೊಂಡವು. ಬ್ರಿಟಿಷ್ ಮತ್ತು ಭಾರತೀಯ ಕಥನದಲ್ಲಿ ಬೆಂಗಾಲ್ ನಾಯಕ. ತನಗಿಂತ ಹದಿನೈದು ಪಟ್ಟು ದೊಡ್ಡದಾದ ಶತ್ರುವಿನ ಮೇಲೆ ಏರಿಹೋದ ಪುಟ್ಟ ಭಾರತೀಯ ನೌಕೆ ಎಂಬ ಚಿತ್ರ 1942ರ ಕೊನೆಯ ಆ ತಿಂಗಳುಗಳಲ್ಲಿ, ಆಗಸ್ಟ್ ಚಳುವಳಿಯ ಬೆಂಕಿ ಇನ್ನೂ ಆರದ ದೇಶದಲ್ಲಿ, ವಸಾಹತು ಸರಕಾರದ ಪ್ರಚಾರಕ್ಕೆ ಹೇಳಿ ಮಾಡಿಸಿದಂತಿತ್ತು. ವಿಲ್ಸನ್‌ಗೆ ಉನ್ನತ ಪದಕ ಬಂದಿತು. ಭಾರತೀಯ ನಾವಿಕರಲ್ಲೂ ಕೆಲವರಿಗೆ ಗೌರವ ಸಂದಿತು. ಡಚ್ ಕಥನದಲ್ಲಿ ನಾಯಕ ಒಂಡಿನಾ. ಮಾರಕ ಗುಂಡು ಹಾರಿದ್ದು ಅದರ ತೋಪಿನಿಂದ. ಬೆಂಗಾಲ್ ತಾನು ಕಾಯಬೇಕಾದ ಹಡಗನ್ನು ನಡುಗಡಲಿನಲ್ಲಿ ಬಿಟ್ಟುಹೋಯಿತು. ಹೋರ್ಸ್‌ಮನ್‌ಗೆ ಮರಣೋತ್ತರವಾಗಿ ಡಚ್ಚರ ಅತ್ಯುನ್ನತ ಶೌರ್ಯಪದಕವಾದ ವಿಲಿಯಂ ಸೈನಿಕ ಪದಕ ದೊರಕಿತು. ಕಥೆಯೊಂದರ ಎರಡು ಪಾಠಾಂತರಗಳನ್ನು ಹೋಲಿಸುವವನಿಗೆ ಇಲ್ಲಿ ಎದ್ದು ಕಾಣುವುದು ವಾಸ್ತವಾಂಶಗಳ ಭೇದವಲ್ಲ, ಕರ್ತೃಪದದ ಭೇದ. ಹೊಕೊಕು ಮಾರು ಮುಳುಗಿತು ಎಂಬ ಕ್ರಿಯಾಪದದಲ್ಲಿ ಇಬ್ಬರಿಗೂ ತಕರಾರಿಲ್ಲ. ಮುಳುಗಿಸಿದವರು ಯಾರೆಂಬಲ್ಲಿ ಭಾಷೆಗಳು ಬೇರ್ಪಡುತ್ತವೆ.

ತೂಕ ಯಾವ ಕಡೆ ಬಾಗುತ್ತದೆ? ತೋಪುಗಳ ಅಳತೆಯನ್ನು ಗಮನಿಸಿದರೆ ಒಂಡಿನಾದ 4 ಇಂಚಿನ ಗುಂಡಿನ ಪರವಾದ ವಾದ ಹೆಚ್ಚು ಗಟ್ಟಿ. ಆದರೆ ವಿಲ್ಸನ್ ಮೊದಲಿಗೆ ಶತ್ರುವಿನತ್ತ ತಿರುಗಿ ಅವರ ತೋಪುಗಳನ್ನು ತನ್ನ ಕಡೆ ಸೆಳೆಯದಿದ್ದರೆ ಒಂಡಿನಾದ ತೋಪುಗಾರರಿಗೆ ಗುರಿ ಕಂಡುಕೊಳ್ಳುವ ಬಿಡುವು ಸಿಗುತ್ತಿತ್ತೇ ಎಂಬುದು ಅಷ್ಟೇ ನ್ಯಾಯವಾದ ಪ್ರಶ್ನೆ. ಬಿಟ್ಟುಹೋದ ಆರೋಪಕ್ಕೂ ಇದೇ ಬಗೆಯ ಉತ್ತರವಿದೆ: ಮದ್ದಿಲ್ಲದ ನೌಕೆ ನಿಂತಿದ್ದರೆ ಮುಳುಗುವ ಹಡಗು ಒಂದರ ಬದಲು ಎರಡಾಗುತ್ತಿತ್ತು. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಕಷ್ಟವಲ್ಲ. ಒಂದು ಭಾಷೆಯ ಓದುಗರನ್ನಷ್ಟೇ ಮುಂದಿಟ್ಟುಕೊಂಡು ಬರೆಯುವಾಗ ಮಾತ್ರ ಅದು ಕಷ್ಟವೆನಿಸುತ್ತದೆ. 1956ರಲ್ಲಿ ರಾಯಚೂರು ಜಿಲ್ಲೆಯಿಂದ ಬಿಡಿಸಿ ತೆಲುಗು ರಾಜ್ಯಕ್ಕೆ ಸೇರಿಸಿದ ಗದ್ವಾಲದಂಥ ಸೀಮೆಗಳ ಚರಿತ್ರೆಯನ್ನು ಕನ್ನಡದಲ್ಲೊಂದು ಪಾಲು, ತೆಲುಗಿನಲ್ಲೊಂದು ಪಾಲು, ಉರ್ದು ದಫ್ತರಗಳಲ್ಲೊಂದು ಪಾಲಾಗಿ ಓದಬೇಕಾದವರಿಗೆ ಈ ಕಷ್ಟ ಹೊಸದಲ್ಲ.

ಎರಡು ಕಥನಗಳಲ್ಲೂ ಸಮನಾಗಿ ಮಸುಕಾಗಿರುವವರು ಚೀನೀ ನಾವಿಕರು. ದೋಣಿಗಳಿಂದ ಮತ್ತೆ ಹಡಗು ಹತ್ತಲು ಅವರಲ್ಲಿ ಹಲವರು ಹಿಂಜರಿದರೆಂಬುದನ್ನು ಡಚ್ ಕಥನ ಸ್ವಲ್ಪ ಬೇಸರದ ದನಿಯಲ್ಲೇ ದಾಖಲಿಸುತ್ತದೆ. ಹೊತ್ತಿ ಉರಿಯುತ್ತಿರುವ, ಯಾವ ಕ್ಷಣದಲ್ಲಾದರೂ ಶತ್ರು ಮರಳಿಬರಬಹುದಾದ ಹಡಗನ್ನು ಏರಲು ಹಿಂಜರಿಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಆದರೂ ಒಂದು ಹಿನ್ನೆಲೆಯನ್ನು ಮರೆಯಬಾರದು. ಮಿತ್ರರಾಷ್ಟ್ರಗಳ ಹಡಗುಗಳಲ್ಲಿ ಚೀನೀ ನಾವಿಕರ ಸಂಬಳ ಬಿಳಿಯರ ಸಂಬಳಕ್ಕಿಂತ ಬಹಳ ಕಡಿಮೆ. ಯುದ್ಧದ ಅಪಾಯಕ್ಕೆ ಕೊಡುವ ಭತ್ಯೆಯಲ್ಲೂ ತಾರತಮ್ಯ. ಇದರ ವಿರುದ್ಧ ಮುಷ್ಕರಗಳಾಗಿ, 1942ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಒಪ್ಪಂದವಾಯಿತು. ಅದೇ ವರ್ಷದ ಜನವರಿಯಲ್ಲಿ, ಒಂಡಿನಾ ಹೊರಟ ಅದೇ ಫ್ರೀಮ್ಯಾಂಟಲ್ ಬಂದರಿನಲ್ಲಿ, ಬ್ರಿಟಿಷ್ ಹಡಗೊಂದರ ಚೀನೀ ಆಳುಗಳ ಮೇಲೆ ಸೈನಿಕರು ಗುಂಡು ಹಾರಿಸಿ ಇಬ್ಬರನ್ನು ಕೊಂದಿದ್ದರು. ಕಡ್ಡಾಯ ಸೇವೆಯ ಆಜ್ಞೆ ಡಚ್ಚನನ್ನು ಅವನ ದೇಶದ ಹೆಸರಿನಲ್ಲಿ ಹಡಗಿಗೆ ಕಟ್ಟಿಹಾಕಿತ್ತು. ಚೀನೀ ನಾವಿಕನನ್ನು ಕಟ್ಟಿಹಾಕಿದ್ದು ಕರಾರುಪತ್ರ. ಹಡಗು ಆಯುಧ ಹೊತ್ತೊಡನೆ ಅದರೊಳಗಿದ್ದ ಎಲ್ಲರೂ ಯೋಧರಾಗುತ್ತಾರೆಂದು ಶತ್ರು ಭಾವಿಸಬಹುದು. ಸಂಬಳದ ಪುಸ್ತಕ ಹಾಗೆ ಭಾವಿಸಿರಲಿಲ್ಲ.

ಒಂಡಿನಾದ ಮುಂದಿನ ಸೇವೆ ಸದ್ದಿಲ್ಲದ್ದು. ತೂತುಬಿದ್ದ ಒಡಲಿನ ಆ ಹಡಗನ್ನು ಪಶ್ಚಿಮ ಆಸ್ಟ್ರೇಲಿಯದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ನಿಲ್ಲಿಸಿ ಅಮೆರಿಕದ ಜಲಾಂತರ್ಗಾಮಿಗಳಿಗೆ ಎಣ್ಣೆ ತುಂಬಲು ಬಳಸಿಕೊಳ್ಳಲಾಯಿತು. ಪೂರ್ಣ ದುರಸ್ತಿ 1944ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಆಯಿತು. ಆ ವರ್ಷದ ಫೆಬ್ರುವರಿಯಲ್ಲೇ ಐಕೊಕು ಮಾರು ಟ್ರುಕ್ ದ್ವೀಪದ ಬಳಿ ಅಮೆರಿಕದ ವಿಮಾನದಾಳಿಗೆ ಸಿಕ್ಕಿ ಮುಳುಗಿತ್ತು.

1945ರ ಸೆಪ್ಟೆಂಬರಿನಿಂದ ಆಸ್ಟ್ರೇಲಿಯದ ಬಂದರುಗಳಲ್ಲಿ ಡಚ್ ಹಡಗುಗಳ ಕಥೆ ಇನ್ನೊಂದು ತಿರುವು ಪಡೆಯಿತು. ಇಂಡೊನೇಷಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತ್ತು. ಅದನ್ನು ಮತ್ತೆ ಹಿಡಿಯಲು ಸೈನಿಕರನ್ನೂ ಶಸ್ತ್ರಗಳನ್ನೂ ಸಾಗಿಸಬೇಕಿದ್ದ ಹಡಗುಗಳಿಂದ ಇಂಡೊನೇಷಿಯನ್ ನಾವಿಕರು ಇಳಿದುಬಿಟ್ಟರು. ಬಂದರಿನ ಕಾರ್ಮಿಕ ಸಂಘಗಳು ಸರಕು ಮುಟ್ಟಲಿಲ್ಲ. ಇಳಿದವರ ಜಾಗಕ್ಕೆ ತಂದ ಭಾರತೀಯ ನಾವಿಕರಲ್ಲೂ ಹಲವರು ಕೆಲಸ ನಿಲ್ಲಿಸಿದರು. ಡಚ್ ಸರಕಾರದ ಚಲನಚಿತ್ರ ಅಧಿಕಾರಿಯ ಹುದ್ದೆಗೆ ರಾಜೀನಾಮೆ ಕೊಟ್ಟು ಯೋರಿಸ್ ಇವೆನ್ಸ್ 1946ರಲ್ಲಿ ಮಾಡಿದ ‘ಇಂಡೊನೇಷಿಯಾ ಕಾಲಿಂಗ್’ ಚಿತ್ರದಲ್ಲಿ ಈ ಭಾರತೀಯರು ಕಾಣಿಸಿಕೊಳ್ಳುತ್ತಾರೆ. ಅದೇ ವರ್ಷದ ಫೆಬ್ರುವರಿ 18ರಂದು ಬೊಂಬಾಯಿಯಲ್ಲಿ ರಾಯಲ್ ಇಂಡಿಯನ್ ನೇವಿಯ ನಾವಿಕರು ಬಂಡೆದ್ದರು. ಮೂರು ವರ್ಷಗಳ ಹಿಂದೆ ಬೆಂಗಾಲ್‌ನ ನಾವಿಕರ ನಿಷ್ಠೆಯನ್ನು ಕೊಂಡಾಡಿದ್ದ ಸರಕಾರ ಅದೇ ಪಡೆಯ ಹಡಗುಗಳತ್ತ ತೋಪು ತಿರುಗಿಸಬೇಕಾಗಿ ಬಂತು.

ಒಂಡಿನಾ ಮತ್ತೆ ತನ್ನ ಕಂಪನಿಯ ಎಣ್ಣೆ ಹೊರುತ್ತ 1959ರವರೆಗೆ ತಿರುಗಿ, ಗುಜರಿಗೆ ಹೋಯಿತು. ಬೆಂಗಾಲ್ ಸ್ವತಂತ್ರ ಭಾರತದ ನೌಕಾಪಡೆಯಲ್ಲಿ ಉಳಿದು, ಅದರ ಮರುವರ್ಷ ಒಡೆಯಲ್ಪಟ್ಟಿತು.